ಅರ್ಧ ಅಂಕದ ಬೆಲೆ

2002ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಲ್ಲಿ ನಡೆದ ಚೆಸ್ ವಿಶ್ವಕಪ್ಪನ್ನು ವಿಶ್ವನಾಥನ್ ಆನಂದ್ ಗೆದ್ದದ್ದು ಹಲವರಿಗೆ ಗೊತ್ತು. ಫೈನಲ್‌ನಲ್ಲಿ ಉಜ್ಬೇಕಿಸ್ತಾನದ ರುಸ್ತಮ್ ಕಾಸಿಂಜಾನೊವ್ ಅವರನ್ನು ಆನಂದ್ ಮಣಿಸಿದ್ದು ಒಂದೂವರೆ–ಅರ್ಧ ಅಂಕಗಳಿಂದ. ಅಂದರೆ ಎರಡು ಆಟಗಳಲ್ಲಿ ಒಂದು ಗೆಲುವು, ಇನ್ನೊಂದು ಇಬ್ಬರಿಗೂ ಅರ್ಧ ಅಂಕದ ಡ್ರಾ. ಗೆದ್ದ ಆಟವನ್ನು ಕೊಂಡಾಡುವ ನಾವು ಡ್ರಾ ಆದದ್ದನ್ನು ಕೇಳುವುದೇ ಇಲ್ಲ. ಅದರಲ್ಲಿ ಆನಂದ್ ಸೋತಿದ್ದರೆ ಇಬ್ಬರೂ ಸಮವಾಗಿ, ವಿಶ್ವಕಪ್ಪಿನ ತೀರ್ಮಾನ ಟೈಬ್ರೇಕಿನ ವೇಗದ ಆಟಗಳ ಪಾಲಾಗುತ್ತಿತ್ತು. ಡ್ರಾ ಎಂದರೆ ಏನೂ ನಡೆಯದ ಆಟ ಎಂಬ ನಂಬಿಕೆ ತಪ್ಪು. ಚದುರಂಗದಲ್ಲಿ ಮೊದಲ ನಡೆಯಿಂದ ಬಿಳಿ ಕಾಯಿಗಳ ಆಟಗಾರರಿಗೆ ಸಿಗುವ ಮೇಲುಗೈ ತೀರ ಚಿಕ್ಕದು. ಇಬ್ಬರೂ ದೊಡ್ಡ ತಪ್ಪು ಮಾಡದಿದ್ದರೆ ಆಟ ಸಮಬಲದತ್ತಲೇ ಸಾಗುತ್ತದೆ. ಬಲ ಹೆಚ್ಚಿದ್ದರೂ ಗೆಲುವು ಖಚಿತವಲ್ಲ: ಎದುರಾಳಿಯ ಬಳಿ ಬರೀ ರಾಜ ಉಳಿದಿದ್ದರೂ, ನಿಮ್ಮ ಬಳಿ ರಾಜನ ಜೊತೆ ಒಂದೇ ಕುದುರೆಯಿದ್ದರೆ ಗೆಲ್ಲಲಾಗದು.

ಡ್ರಾವನ್ನು ಹೀಗೆ ಸಮರ್ಥಿಸುವುದಕ್ಕೆ ಬಲವಾದ ಆಕ್ಷೇಪ ಬಂದದ್ದು ಅದೇ ಕಾಸಿಂಜಾನೊವ್ ಅವರಿಂದ. 2004ರಲ್ಲಿ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ವಿಶ್ವ ಚಾಂಪಿಯನ್ ಆದ ಅವರು 2011ರಲ್ಲಿ ಬಹಿರಂಗ ಪತ್ರ ಬರೆದು, ಟೆನಿಸ್‌ನಲ್ಲಿರುವಂತೆ ಪ್ರತಿ ಪಂದ್ಯಕ್ಕೂ ಒಬ್ಬ ವಿಜೇತ ಬೇಕು, ಡ್ರಾ ಆದರೆ ವೇಗದ ಆಟಗಳನ್ನು ಆಡಿಸಿ ತೀರ್ಮಾನಿಸಿ ಎಂದರು. ಪ್ರೇಕ್ಷಕರಿಲ್ಲದೆ ಕ್ರೀಡೆ ಉಳಿಯದು ಎಂಬ ಅವರ ಕಳಕಳಿ ನಿಜವಾದದ್ದೇ. ಆದರೆ ಆ ದಾರಿಯಲ್ಲಿ ಗಂಟೆಗಟ್ಟಲೆ ಕಾದಾಡಿ ಉಳಿಸಿಕೊಂಡ ಆಟಕ್ಕೆ ಏನೂ ಬೆಲೆಯಿರುವುದಿಲ್ಲ. ಗಡಿಯಾರದ ಎದುರು ಚುರುಕಾದವರದೇ ಮೇಲುಗೈ. 2018ರ ಲಂಡನ್ ವಿಶ್ವ ಚಾಂಪಿಯನ್‌ಶಿಪ್ ನೋಡಿ. ಕಾಸಿಂಜಾನೊವ್ ಅವರೇ ತರಬೇತಿ ಕೊಟ್ಟ ಫ್ಯಾಬಿಯಾನೊ ಕರುವಾನಾ ಮತ್ತು ಮ್ಯಾಗ್ನಸ್ ಕಾರ್ಲ್‌ಸನ್ ನಡುವಿನ 12 ದೀರ್ಘ ಆಟಗಳೂ ಡ್ರಾ. ಮೊದಲನೆಯದು 115 ನಡೆಗಳವರೆಗೆ, ಸುಮಾರು ಏಳು ಗಂಟೆ ನಡೆಯಿತು. ಒತ್ತಡ ಹೇರಿದ್ದು ಕಾರ್ಲ್‌ಸನ್, ತಾಳಿಕೊಂಡದ್ದು ಕರುವಾನಾ. 6ನೆಯದರಲ್ಲಿ ಪಾತ್ರ ಅದಲುಬದಲಾಯಿತು: ಕರುವಾನಾಗೆ ಗೆಲುವಿನ ದಾರಿಯಿದೆ ಎಂದು ಕಂಪ್ಯೂಟರ್ ತೋರಿಸಿತು, ಆದರೆ ಅದು ಮನುಷ್ಯನ ಕಣ್ಣಿಗೆ ಬೀಳುವಷ್ಟು ಸುಲಭದ್ದಾಗಿರಲಿಲ್ಲ. ಇಂಥ ಆಟಗಳನ್ನು ನೀರಸ ಎನ್ನಲು ನನಗೆ ಮನಸ್ಸು ಬಾರದು. ಕೊನೆಗೆ ವೇಗದ ಆಟಗಳಲ್ಲಿ ಕಾರ್ಲ್‌ಸನ್ 3–0 ಅಂತರದಿಂದ ಗೆದ್ದರು. ಪ್ರಶಸ್ತಿ ಸಿಕ್ಕಿತು ನಿಜ, ಆದರೆ ದೀರ್ಘ ಆಟದಲ್ಲಿ ಯಾರು ಮೇಲು ಎಂಬುದಕ್ಕೆ ಅದು ಉತ್ತರವಾಗಲಿಲ್ಲ.

ಹದಿನೈದು ನಡೆಗಳಿಗೆ ಕೈಕುಲುಕಿ ಎದ್ದುಹೋಗುವ ಗ್ರ್ಯಾಂಡ್‌ಮಾಸ್ಟರುಗಳೂ ಇದ್ದಾರೆ ಎಂಬ ಮಾತನ್ನು ಅಲ್ಲಗಳೆಯಲಾಗದು. ಹಣ ಕೊಟ್ಟು ನೋಡಲು ಬಂದವರಿಗೆ ಅದು ಅನ್ಯಾಯ. ಅದಕ್ಕೆ ಮದ್ದು 2005ರಲ್ಲೇ ಬಲ್ಗೇರಿಯಾದ ಸೋಫಿಯಾದಲ್ಲಿ ಸಿಕ್ಕಿದೆ: ಆಟಗಾರರು ತಮ್ಮತಮ್ಮಲ್ಲೇ ಒಪ್ಪಿಕೊಂಡು ಡ್ರಾ ಮಾಡುವಂತಿಲ್ಲ, ಹಲಗೆಯ ಮೇಲೆ ಸಮಬಲ ಕಾಣುವವರೆಗೂ ಆಡಬೇಕು. ನಮ್ಮ ಟೂರ್ನಿಗಳ ಸಂಘಟಕರು ಈ ನಿಯಮವನ್ನು ಕಟ್ಟುನಿಟ್ಟಾಗಿ ತರಲಿ, ಹೋರಾಡಿ ಗಳಿಸಿದ ಅರ್ಧ ಅಂಕವನ್ನು ಮಾತ್ರ ಕಿತ್ತುಕೊಳ್ಳದಿರಲಿ.