ಕಿವಿಗೆ ಸಿಗದ ಇಂಗ್ಲಿಷ್

ಭೀಮಸಮುದ್ರದ ಕಡೆಯ ಶಿಕ್ಷಕಿಯೊಬ್ಬರು ಪ್ರಶ್ನೆಯೊಂದನ್ನು ಕಳಿಸಿದ್ದಾರೆ. ಅವರ ಮಕ್ಕಳು ಇಂಗ್ಲಿಷ್ ಪಾಠ ಓದುತ್ತಾರೆ, ಪ್ರಶ್ನೋತ್ತರ ಬರೆಯುತ್ತಾರೆ, ಒಳ್ಳೆಯ ಅಂಕವನ್ನೂ ತೆಗೆಯುತ್ತಾರೆ. ಅದೇ ಪಾಠದ ಅದೇ ವಾಕ್ಯ ಮೊಬೈಲಿನಿಂದ ಕೇಳಿಬಂದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರಂತೆ. 'ಗೊತ್ತಿರುವ ಪದ ಕಿವಿಗೆ ಬಿದ್ದಾಗ ಏಕೆ ಗೊತ್ತಾಗುವುದಿಲ್ಲ? ಬೇಸರ ಬರಿಸದೆ ಕೇಳಿಸುವುದು, ಮಾತಾಡಿಸುವುದು ಹೇಗೆ?'

ಎರಡನೆಯ ಪ್ರಶ್ನೆಗೆ ಉತ್ತರ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಬಸ್‌ಸ್ಟ್ಯಾಂಡಿನ ಗೋಡೆಯಿಂದ ಮೊಬೈಲಿನ ಪರದೆಯವರೆಗೆ 'ಮೂವತ್ತೇ ದಿನಗಳಲ್ಲಿ ನಿರರ್ಗಳ ಇಂಗ್ಲಿಷ್' ಎಂಬ ಭರವಸೆ ತುಂಬಿಕೊಂಡಿದೆ. ಮೊದಲನೆಯ ಪ್ರಶ್ನೆಯ ಬಗ್ಗೆ ಅವರಾರೂ ತಲೆ ಕೆಡಿಸಿಕೊಂಡಂತಿಲ್ಲ. ಅದು ಬಗೆಹರಿಯದೆ ಎರಡನೆಯದು ಬಗೆಹರಿಯುವುದಿಲ್ಲ, ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಕೆನಡಾದ ಮನಶ್ಶಾಸ್ತ್ರಜ್ಞೆ ಜ್ಯಾನೆಟ್ ವರ್ಕರ್ ಮತ್ತು ಅವರ ಸಹೋದ್ಯೋಗಿ ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ನಮಗೆ ಅದು ವಿಶೇಷ ಖುಷಿ ಕೊಡಬೇಕು, ಏಕೆಂದರೆ ಅವರು ಆರಿಸಿಕೊಂಡ ಧ್ವನಿಗಳಲ್ಲಿ ನಮ್ಮ ತಕಾರ, ಟಕಾರಗಳಿದ್ದವು. ಅವನ್ನು ತೆಗೆದುಕೊಂಡದ್ದು ಹಿಂದಿಯಿಂದ, ಆದರೆ ಕನ್ನಡದಲ್ಲೂ ಆ ಜೋಡಿ ಇದೆಯಲ್ಲ. ಇಂಗ್ಲಿಷ್ ಮನೆಗಳ ಹಸುಗೂಸುಗಳನ್ನು ತಾಯಿಯ ತೊಡೆಯ ಮೇಲೆ ಕೂರಿಸಿ ಧ್ವನಿವರ್ಧಕದಲ್ಲಿ 'ತ ತ ತ' ಎಂದು ಕೇಳಿಸುತ್ತಾ ಹೋಗಿ, ನಡುವೆ ಥಟ್ಟನೆ 'ಟ'ಕ್ಕೆ ಬದಲಾಯಿಸುವುದು. ಬದಲಾವಣೆ ಗೊತ್ತಾಗಿ ಮಗು ಕತ್ತು ತಿರುಗಿಸಿದರೆ ಪೆಟ್ಟಿಗೆಯೊಳಗಿನ ಬೊಂಬೆಗೆ ಬೆಳಕು ಬಿದ್ದು ಅದು ಕುಣಿಯುತ್ತದೆ. ಆರರಿಂದ ಎಂಟು ತಿಂಗಳ ಕೂಸುಗಳು ಸಲೀಸಾಗಿ ಕತ್ತು ತಿರುಗಿಸಿದವು. ಹತ್ತರಿಂದ ಹನ್ನೆರಡು ತಿಂಗಳಿನವು ಸುಮ್ಮನೆ ಕೂತವು! ಹಿಂದಿ ಮನೆಯ ಅದೇ ವಯಸ್ಸಿನ ಮಕ್ಕಳಿಗೆ ಯಾವ ತೊಂದರೆಯೂ ಇರಲಿಲ್ಲ.

ಹುಟ್ಟು ಕಿವಿಯಲ್ಲಿ ದೋಷವಿಲ್ಲ. ಮೊದಲ ವರ್ಷ ತುಂಬುವ ಹೊತ್ತಿಗೆ ಮಿದುಳು ಮನೆಮಾತಿಗೆ ಬೇಕಾದ ಭೇದಗಳನ್ನು ಉಳಿಸಿಕೊಂಡು ಬೇಡದವನ್ನು ಬದಿಗಿಡುತ್ತದೆ. ನಮ್ಮ ಮಕ್ಕಳಿಗೂ ಇದೇ ಆಗುತ್ತದೆ, ತಿರುವುಮುರುವಾಗಿ. ಮೈಮೇಲೆ ತೊಡುವ 'ವೆಸ್ಟ್' ಬೇರೆ, ಪಶ್ಚಿಮ ದಿಕ್ಕಿನ 'ವೆಸ್ಟ್' ಬೇರೆ ಎಂದು ಇಂಗ್ಲಿಷ್ ಕಿವಿ ಹೇಳುತ್ತದೆ. ನಮ್ಮ ಕಿವಿಗೆ ಎರಡೂ ಒಂದೇ ವಕಾರ, ಲಿಪಿಯಲ್ಲಿ ಬೇರೆ ಬೇರೆಯಾಗಿ ಬರೆದು ತೋರಿಸಲೂ ಆಗದು.

ಹಾಗಾದರೆ ಹದಿಮೂರು ವರ್ಷದ ಹುಡುಗನ ಕಿವಿ ಕೈಬಿಟ್ಟುಹೋಯಿತೆ? ಇಲ್ಲ. ಇಲ್ಲಿ ನಾನು ಭೀಮಸಮುದ್ರದ ಅಡಿಕೆಯನ್ನು ಎಳೆದು ತರಲೇಬೇಕು.

ಮಂಡಿಗೆ ಹೊಸದಾಗಿ ಸೇರಿದ ಹುಡುಗನಿಗೆ ಚೀಲದಿಂದ ಸುರಿದ ಅಡಿಕೆಯೆಲ್ಲ ಒಂದೇ. ಅನುಭವಸ್ಥನ ಕಣ್ಣಿಗೆ ಅದು ರಾಶಿಯೋ ಬೆಟ್ಟೆಯೋ ಅಪಿಯೋ ಕೆಂಪುಗೋಟೋ ನೋಡಿದ ಕೂಡಲೇ ಗೊತ್ತು. ಅವನ ಕಣ್ಣು ಹೆಚ್ಚು ಚುರುಕಾದದ್ದರಿಂದ ಹೀಗಾಗಿದೆ ಎನ್ನುವುದು ಅರ್ಧ ಸತ್ಯ. ಯಾವುದನ್ನು ಗಮನಿಸಬಾರದು ಎಂಬುದನ್ನೂ ಆ ಕಣ್ಣು ಕಲಿತಿದೆ: ಮೇಲಿನ ದೂಳು, ಗಾತ್ರದಲ್ಲಿ ಒಂದಿಷ್ಟು ಹೆಚ್ಚುಕಮ್ಮಿ, ಬೆಳಗಿನ ಬೆಳಕಿಗೂ ಸಂಜೆಯ ಬೆಳಕಿಗೂ ಬದಲಾಗುವ ಬಣ್ಣ. ಒಂದೇ ವರ್ಗದೊಳಗಿನ ವ್ಯತ್ಯಾಸಗಳನ್ನು ದಾಟಿ ವರ್ಗ ವರ್ಗಗಳ ನಡುವಿನ ವ್ಯತ್ಯಾಸವನ್ನು ಹಿಡಿಯುವುದೇ ಕಸುಬು. ಆ ಹುಡುಗನಿಗೆ ಒಂದೇ ತೋಟದ ಮಾಲನ್ನು ವರ್ಷವಿಡೀ ತೋರಿಸಿದರೆ ಆ ತೋಟದ ಪರಿಣತನಾಗುತ್ತಾನೆ, ಅಷ್ಟೇ. ಹೊಳಲ್ಕೆರೆಯ ಮಾಲು ಬಂದಾಗ ತಡಬಡಾಯಿಸುತ್ತಾನೆ. ಹತ್ತು ತೋಟಗಳ ಮಾಲು ಕಲೆಸಿಟ್ಟು, ಪ್ರತಿ ಸಲ ಅವನು ಹೇಳಿದ ತಕ್ಷಣ ಸರಿಯೋ ತಪ್ಪೋ ಎಂದು ತಿಳಿಸುವವರಿದ್ದರೆ ಬೇಗ ಪಳಗುತ್ತಾನೆ.

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪಿಸೋನಿ ಮತ್ತು ಸಂಗಡಿಗರು ಮಾಡಿದ್ದು ಇದನ್ನೇ, ಅಡಿಕೆಯ ಬದಲು ಧ್ವನಿಯಲ್ಲಿ. ಜಪಾನೀಯರಿಗೆ ಇಂಗ್ಲಿಷಿನ ರಕಾರ, ಲಕಾರ ಬೇರೆ ಬೇರೆ ಕೇಳಿಸುವುದಿಲ್ಲವೆಂಬುದು ಜಗತ್ತಿಗೇ ಗೊತ್ತಿದ್ದ ಸಂಗತಿ. 1991ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಐವರ ದನಿಯಲ್ಲಿ ಜೋಡಿ ಪದಗಳನ್ನು ಕೇಳಿಸಿ, ಉತ್ತರಿಸಿದೊಡನೆ ಸರಿತಪ್ಪು ತಿಳಿಸುತ್ತಾ ಮೂರು ವಾರ ತರಬೇತಿ ಕೊಟ್ಟರು. ಕಿವಿ ಸುಧಾರಿಸಿತು. ಎರಡು ವರ್ಷಗಳ ನಂತರದ ಪ್ರಯೋಗದಲ್ಲಿ ಕೆಲವರಿಗೆ ಒಬ್ಬರದೇ ದನಿಯಲ್ಲಿ ತರಬೇತಿ ಕೊಟ್ಟು ನೋಡಿದರು. ಆ ದನಿಗೆ ಕಿವಿ ಪಳಗಿತು, ಹೊಸಬರ ದನಿ ಬಂದಾಗ ಕಲಿತದ್ದು ಕೈಗೆ ಬರಲಿಲ್ಲ. ಎಲ್ಲಕ್ಕಿಂತ ಸೋಜಿಗದ್ದು 1997ರ ಫಲಿತಾಂಶ. ಆನ್ ಬ್ರ್ಯಾಡ್ಲೋ ತಂಡ ಜಪಾನೀಯರಿಗೆ ಬರೀ ಕೇಳುವ ತರಬೇತಿ ಕೊಟ್ಟಿತು, ಉಚ್ಚಾರಣೆಯ ಪಾಠವನ್ನೇ ಮಾಡಲಿಲ್ಲ. ಆದರೂ ಅವರ ಉಚ್ಚಾರಣೆ ತಿದ್ದಿಕೊಂಡಿತು! ಕಿವಿ ಮುಂದೆ ಹೋದರೆ ನಾಲಿಗೆ ಹಿಂದಿನಿಂದ ಬರುತ್ತದೆ.

ನಮ್ಮ ತರಗತಿಗಳಲ್ಲಿ ಆಗುವುದು ನೋಡಿ. ಒಬ್ಬರೇ ಮೇಷ್ಟರು, ಒಂದೇ ದನಿ, ಒಂದೇ ವೇಗ, ಅದೂ ಪುಸ್ತಕ ನೋಡಿಕೊಂಡು. ಮೇಷ್ಟರ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ, ಮಗುವಿಗೆ ಸಿಗುವುದು ಒಂದೇ ತೋಟದ ಮಾಲು. ಹಲವು ದನಿ ಕೇಳಿಸಲು ದುಬಾರಿ ಉಪಕರಣವೇನೂ ಬೇಡ. ಬ್ಯಾಂಕಿನ ಅಧಿಕಾರಿ, ಆರೋಗ್ಯ ಕೇಂದ್ರದ ವೈದ್ಯೆ, ಬೆಂಗಳೂರಿನಲ್ಲಿ ಕೆಲಸ ಮಾಡುವ ಊರಿನ ಹುಡುಗಿ, ಹೀಗೆ ಐದಾರು ಜನ ಒಂದೇ ಇಪ್ಪತ್ತು ವಾಕ್ಯಗಳನ್ನು ಮೊಬೈಲಿನಲ್ಲಿ ಹೇಳಿ ಕಳಿಸಿದರೆ ಸಾಕು.

ಧ್ವನಿಗಳ ನಂತರದ ತೊಡಕು ಲಯದ್ದು, ನನ್ನ ಮಟ್ಟಿಗೆ ದೊಡ್ಡದೂ ಅದೇ. ಮಾತಿನಲ್ಲಿ ಪದಗಳ ನಡುವೆ ಖಾಲಿ ಜಾಗ ಇರುವುದಿಲ್ಲ. ಕೇಳುಗನೇ ಕತ್ತರಿಸಿಕೊಳ್ಳಬೇಕು. ಎಲ್ಲಿ ಕತ್ತರಿಸಬೇಕೆಂದು ಹೇಳುವುದು ಅವನ ಭಾಷೆಯ ಲಯ. ಆಸ್ಟ್ರೇಲಿಯಾದಲ್ಲಿ ಹುಟ್ಟಿ ನೆದರ್‌ಲ್ಯಾಂಡ್ಸಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ದಶಕಗಳ ಕಾಲ ಕೆಲಸ ಮಾಡಿದ ಆ್ಯನ್ ಕಟ್ಲರ್ (2022ರಲ್ಲಿ ತೀರಿಕೊಂಡರು) ತಮ್ಮ ಜೀವನವನ್ನೇ ಇದಕ್ಕೆ ಕೊಟ್ಟರು. ಇಂಗ್ಲಿಷ್ ಸಂಭಾಷಣೆಯಲ್ಲಿ ಬರುವ ಮುಖ್ಯ ಪದಗಳಲ್ಲಿ ನೂರಕ್ಕೆ ಸುಮಾರು 90 ಒತ್ತುಳ್ಳ ಅಕ್ಷರದಿಂದಲೇ ಶುರುವಾಗುತ್ತವೆ ಎಂದು ಅವರೂ ಡೇವಿಡ್ ಕಾರ್ಟರ್ ಅವರೂ 1987ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಆದ್ದರಿಂದ ಇಂಗ್ಲಿಷ್ ಕಿವಿ ಒತ್ತು ಕೇಳಿಸಿದಲ್ಲೆಲ್ಲ ಹೊಸ ಪದ ಶುರುವಾಯಿತೆಂದು ಊಹಿಸುತ್ತದೆ. ಕೆಲವೊಮ್ಮೆ ಊಹೆ ದಾರಿ ತಪ್ಪುತ್ತದೆ. 'ಕಂಡಕ್ಟ್ ಅಸೆಂಟ್ಸ್ ಅಪ್‌ಹಿಲ್' ಎಂದು ತೀರಾ ಮೆಲ್ಲಗೆ ಕೇಳಿಸಿದಾಗ ಅಚ್ಚ ಇಂಗ್ಲಿಷರೇ 'ದ ಡಾಕ್ಟರ್ ಸೆಂಡ್ಸ್ ಹರ್ ಬಿಲ್' ಎಂದು ಬರೆದುಕೊಟ್ಟರು.

ನಮ್ಮ ಕಿವಿ ಒತ್ತಿನ ಮೇಲೆ ನಡೆಯುವುದಿಲ್ಲ, ಮಾತ್ರೆಯ ಮೇಲೆ ನಡೆಯುತ್ತದೆ. ಲಘುವಿಗೆ ಒಂದು, ಗುರುವಿಗೆ ಎರಡು. ಪ್ರತಿ ಅಕ್ಷರಕ್ಕೂ ಅದರ ಪಾಲು ಸಿಕ್ಕೇ ಸಿಗಬೇಕು. ಲಲಿತಾ ಮೂರ್ತಿ, ತಕಾಶಿ ಓಟಾಕೆ ಮತ್ತು ಕಟ್ಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೆಲುಗರಿಗೆ ಜಪಾನಿ ಮಾತನ್ನು ಕೇಳಿಸಲಾಗಿತ್ತು. ಎರಡು ಭಾಷೆಗಳಿಗೆ ನೆಂಟಸ್ತಿಕೆಯೇ ಇಲ್ಲ, ಆದರೂ ತೆಲುಗರು ಜಪಾನೀಯರ ಹಾಗೆಯೇ ಮಾತ್ರೆಯ ಲೆಕ್ಕದಲ್ಲಿ ಮಾತನ್ನು ತುಂಡರಿಸಿದರು. ತೆಲುಗಿನ ಲಯ ಕನ್ನಡಕ್ಕೆ ಎಷ್ಟು ಹತ್ತಿರವೆಂದು ಆಂಧ್ರದ ಗಡಿಗೆ ಅಂಟಿಕೊಂಡ ಚಿತ್ರದುರ್ಗ ಜಿಲ್ಲೆಯವರಿಗೆ ನಾನು ಹೇಳಬೇಕಿಲ್ಲ.

ಇಂಥ ಕಿವಿಗೆ ಇಂಗ್ಲಿಷ್ ಬಿದ್ದಾಗ ಏನಾಗುತ್ತದೆ? 'ವಾಟ್ ಆರ್ ಯೂ ಗೋಯಿಂಗ್ ಟು ಡೂ' ಎಂದು ಪುಸ್ತಕದಲ್ಲಿ ಕಂಡದ್ದು ಬಾಯಲ್ಲಿ 'ವಾಡ್ಯ ಗೊನ ಡೂ' ಆಗಿರುತ್ತದೆ. ಒತ್ತಿಲ್ಲದ ಅಕ್ಷರಗಳು ಮುದುಡಿಹೋಗಿವೆ. ಏಳು ತುಂಡುಗಳಿಗಾಗಿ ಕಾದಿದ್ದ ಹುಡುಗನಿಗೆ ಐದೇ ಸಿಕ್ಕವು. ಪದ ಗೊತ್ತಿಲ್ಲದೆ ಸೋತದ್ದಲ್ಲ, ಅಕ್ಷರ ಎಣಿಸುತ್ತಾ ಕೂತು ಸೋತದ್ದು.

ಪ್ರೌಢಶಾಲೆಯ ಮಕ್ಕಳಿಗೆ ಪ್ರಸ್ತಾರ ಹಾಕುವುದು ಗೊತ್ತಿರುತ್ತದಲ್ಲ, ಅದನ್ನೇ ಇಂಗ್ಲಿಷ್ ವಾಕ್ಯದ ಮೇಲೆ ಹಾಕಿಸಬಹುದು. ವ್ಯಾಕರಣದ ನಿಯಮ ನೋಡದೆ, ಕಿವಿಗೆ ಬಿದ್ದಂತೆ: ಒತ್ತಿ ಹೇಳಿದಲ್ಲಿ ಗುರು, ನುಂಗಿದಲ್ಲಿ ಲಘು. ಆಮೇಲೆ ಗುರುವಿಗೆ ಮಾತ್ರ ಚಪ್ಪಾಳೆ. ಕನ್ನಡ ಮೇಷ್ಟರೂ ಇಂಗ್ಲಿಷ್ ಮೇಷ್ಟರೂ ಒಟ್ಟಿಗೆ ಕೂತು ಮಾಡಬಹುದಾದ ಅಪರೂಪದ ಪಾಠ ಇದು. ಹಾಗೆಂದು ಮಕ್ಕಳು ಲಂಡನ್ನಿನವರಂತೆ ಮಾತಾಡಬೇಕಿಲ್ಲ. ಜೆನಿಫರ್ ಜೆಂಕಿನ್ಸ್ 2000ದಲ್ಲಿ ಬರೆದ ಪುಸ್ತಕದಲ್ಲಿ ವಾದಿಸಿದಂತೆ, ಬೇರೆ ಬೇರೆ ದೇಶದವರು ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುವಾಗ 'ಥ್ಯಾಂಕ್ಸ್' ಬದಲು 'ಟ್ಯಾಂಕ್ಸ್' ಎಂದರೆ ಅರ್ಥ ಕೆಡುವುದಿಲ್ಲ, ವಾಕ್ಯದ ಮುಖ್ಯ ಒತ್ತು ತಪ್ಪಿದರೆ ಕೆಡುತ್ತದೆ. 'ಅಮೆರಿಕನ್ ಆ್ಯಕ್ಸೆಂಟ್' ಮಾರುವ ತರಬೇತಿ ಕೇಂದ್ರಗಳ ಮೇಲೆ ನನಗೆ ನಂಬಿಕೆ ಇಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಬೇಸರದ ಪ್ರಶ್ನೆಗೆ ಬರೋಣ. ಇದಕ್ಕೆ ಉತ್ತರ ಹುಡುಕಿದವರು ನಮ್ಮ ನೆರೆಯಲ್ಲೇ ಇದ್ದರು, ನಾವೇ ಮರೆತಿದ್ದೇವೆ. ಬೆಂಗಳೂರಿನಲ್ಲಿ 1963ರಲ್ಲಿ ಶುರುವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಮತ್ತು ಬ್ರಿಟಿಷ್ ಕೌನ್ಸಿಲ್‌ಗಳ ಬೆಂಬಲದಲ್ಲಿ 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಎಂಬವರು ಒಂದು ಪ್ರಯೋಗ ನಡೆಸಿದರು. ಬೆಂಗಳೂರು, ಮದ್ರಾಸು, ಕಡಲೂರಿನ ಸಾಮಾನ್ಯ ಶಾಲೆಗಳ ತುಂಬಿದ ತರಗತಿಗಳಲ್ಲಿ ನಡೆದ ಇದನ್ನು ಭಾಷಾಬೋಧನೆಯ ಜಗತ್ತು ಇಂದಿಗೂ 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂದೇ ಕರೆಯುತ್ತದೆ. ಅಲ್ಲಿ ವ್ಯಾಕರಣ ಪಾಠ ಇರಲಿಲ್ಲ, ವಾಕ್ಯಗಳ ಉರುಹೊಡೆತ ಇರಲಿಲ್ಲ. ರೈಲ್ವೆ ವೇಳಾಪಟ್ಟಿ, ನಕ್ಷೆ, ಕ್ಯಾಲೆಂಡರ್ ಮುಂದಿಟ್ಟು ಲೆಕ್ಕ ಬಿಡಿಸುವುದೇ ಪಾಠ. ಮೊದಲು ಶಿಕ್ಷಕರು ಇಡೀ ತರಗತಿಯ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಾ ಒಂದು ಸಮಸ್ಯೆ ಬಿಡಿಸುತ್ತಾರೆ, ಆಮೇಲೆ ಅಂಥದ್ದೇ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸಬೇಕು. ಮಗುವಿನ ಗಮನವೆಲ್ಲ ಉತ್ತರದ ಮೇಲೆ, ಭಾಷೆ ಹಿಂಬಾಗಿಲಿನಿಂದ ಒಳಬರುತ್ತದೆ. ಅರ್ಧದಷ್ಟು ಮಕ್ಕಳು ಅರ್ಧದಷ್ಟು ಸಮಸ್ಯೆಯನ್ನು ಬಿಡಿಸಿದರೆ ಅದು ಹದವಾದ ಸಮಸ್ಯೆ ಎಂಬುದು ಪ್ರಭು ಅವರ ಅಳತೆಗೋಲು. ಯಾವ ಶಿಕ್ಷಕರೂ ನಾಳೆಯೇ ಬಳಸಬಹುದಾದ ಅಳತೆಗೋಲು ಅದು.

ಹೊರಗಿನಿಂದ ಬಂದು ಅಳೆದು ನೋಡಿದ ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ 1985ರಲ್ಲಿ ಎಚ್ಚರಿಕೆಯ ವರದಿ ಕೊಟ್ಟರು. ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆ ಪದ್ಧತಿಯ ಮಕ್ಕಳು ಮುಂದಿದ್ದರು. ಭಾಷೆ ಬಳಸಿ ಕೆಲಸ ಮಾಡಬೇಕಾದ ಪರೀಕ್ಷೆಯಲ್ಲಿ ಪ್ರಭು ಅವರ ಮಕ್ಕಳು ಮುಂದಿದ್ದರು. ಏನು ಕಲಿಸಿದರೋ ಅದು ಬಂತು ಎಂದು ಯಾರಾದರೂ ನಗಬಹುದು. ಆದರೆ ನಮಗೆ ಬೇಕಾದದ್ದು ಎರಡನೆಯದಲ್ಲವೆ?

ಭೀಮಸಮುದ್ರದಲ್ಲಿ ಇಂಥ ಸಮಸ್ಯೆಗಳಿಗೆ ಬರವಿಲ್ಲ. ಚಿಕ್ಕಜಾಜೂರು ಜಂಕ್ಷನ್ನಿನ ವೇಳಾಪಟ್ಟಿ ಕೊಟ್ಟು, ಬಳ್ಳಾರಿ ಕಡೆಗೆ ಹೋಗುವವರು ಊರಿನಿಂದ ಎಷ್ಟು ಹೊತ್ತಿಗೆ ಹೊರಡಬೇಕೆಂದು ಕೇಳಿ. ರಾಶಿ ಅಡಿಕೆಗೆ ಎರಡು ಪೇಟೆಗಳ ಧಾರಣೆಯನ್ನೂ ಸಾಗಣೆಯ ಖರ್ಚನ್ನೂ ಇಂಗ್ಲಿಷಿನಲ್ಲಿ ಓದಿಹೇಳಿ, ಎಲ್ಲಿ ಮಾರಿದರೆ ಲಾಭ ಎಂದು ಕೇಳಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹೆಸರಿಲ್ಲದ ನಕ್ಷೆ ಹಂಚಿ, ಬಾಯಿಮಾತಿನ ಸುಳಿವಿನಿಂದಲೇ ವಾಣಿವಿಲಾಸ ಸಾಗರವನ್ನು ಗುರುತಿಸಲು ಹೇಳಿ. ಅಡಿಕೆಯ ಲೆಕ್ಕ ಬಂದಾಗ ಕೊನೆಯ ಬೆಂಚೂ ಕಿವಿ ನೆಟ್ಟಗೆ ಮಾಡಿಕೊಳ್ಳುತ್ತದೆ.

ಕೇಳಿಸಿಕೊಂಡರೆ ಸಾಕು, ಮಾತು ತಾನಾಗಿ ಬರುತ್ತದೆ ಎನ್ನುವವರಿಗೆ ಕೆನಡಾದ ಉದಾಹರಣೆ ಇದೆ. ಇಂಗ್ಲಿಷ್ ಮಕ್ಕಳು ವರ್ಷಗಟ್ಟಲೆ ಫ್ರೆಂಚಿನಲ್ಲೇ ಪಾಠ ಕೇಳಿದರು. ಫ್ರೆಂಚ್ ಮಕ್ಕಳಷ್ಟೇ ಅರ್ಥ ಮಾಡಿಕೊಳ್ಳುತ್ತಿದ್ದರೂ ಅವರ ಮಾತು ಕುಂಟುತ್ತಿತ್ತು. ತರಗತಿಯಲ್ಲಿ ಅವರಿಗೆ ಉದ್ದಕ್ಕೆ ಮಾತಾಡುವ ಸಂದರ್ಭವೇ ಬರುತ್ತಿರಲಿಲ್ಲ ಎಂದು ಮೆರಿಲ್ ಸ್ವೇನ್ 1985ರಲ್ಲಿ ತೋರಿಸಿದರು. ಮಾತಾಡಿಸಲು ನನಗೆ ತುಂಬ ಇಷ್ಟವಾದ ಉಪಾಯ ನಾಲ್ಕು-ಮೂರು-ಎರಡು. ಅಡಿಕೆ ಸುಲಿದು, ಬೇಯಿಸಿ, ಒಣಗಿಸುವ ಕೆಲಸವನ್ನು ಒಬ್ಬ ಗೆಳೆಯನಿಗೆ ನಾಲ್ಕು ನಿಮಿಷ ಹೇಳುವುದು, ಅದನ್ನೇ ಎರಡನೆಯವನಿಗೆ ಮೂರು ನಿಮಿಷದಲ್ಲಿ, ಮೂರನೆಯವನಿಗೆ ಎರಡೇ ನಿಮಿಷದಲ್ಲಿ. ಕೇಳುವವರು ಹೊಸಬರಾದ್ದರಿಂದ ಹೇಳುವವನಿಗೆ ಬೇಸರವಿಲ್ಲ. ಡಿ ಯಾಂಗ್ ಮತ್ತು ಪರ್ಫೆಟ್ಟಿ 2011ರಲ್ಲಿ ಪರೀಕ್ಷಿಸಿದಾಗ, ಒಂದೇ ವಿಷಯವನ್ನು ಹೀಗೆ ಮೂರು ಸಲ ಹೇಳಿದವರ ಸರಾಗತೆ ಹೊಸ ವಿಷಯಕ್ಕೂ ಹರಿಯಿತು. ಪ್ರತಿ ಸಲ ಬೇರೆ ವಿಷಯ ಮಾತಾಡಿದವರ ಸುಧಾರಣೆ ಉಳಿಯಲಿಲ್ಲ. ಜೋಡಿ-ಗುಂಪುಗಳ ಕೆಲಸವನ್ನು ಪ್ರಭು ಒಪ್ಪುತ್ತಿರಲಿಲ್ಲ, ಮಕ್ಕಳು ಒಬ್ಬರ ತಪ್ಪನ್ನು ಇನ್ನೊಬ್ಬರು ಕಲಿಯುತ್ತಾರೆಂಬ ಅಂಜಿಕೆ ಅವರದು. ಈ ಒಂದು ವಿಷಯದಲ್ಲಿ ನಾನು ಅವರ ಪಕ್ಷದಲ್ಲಿಲ್ಲ. ಇಡೀ ತರಗತಿಯೆದುರು ಬಾಯಿ ಬಿಡಲು ಹೆದರುವ ಮಗು ಗೆಳತಿಯೆದುರು ತಪ್ಪುತಪ್ಪಾಗಿಯಾದರೂ ಮಾತಾಡುತ್ತದೆ.

ಆ್ಯಪ್‌ಗಳ ಬಗ್ಗೆಯೂ ಕೇಳುತ್ತಾರೆ. ಪೆಟ್ರೀಷಿಯಾ ಕೂಲ್ ತಂಡದ 2003ರ ಪ್ರಯೋಗದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳು ಎದುರಿಗೆ ಕೂತು ಆಟವಾಡಿಸಿದವರಿಂದ ಚೀನಿ ಧ್ವನಿಗಳನ್ನು ಕಲಿತವು, ಅದೇ ಜನ ಟಿವಿ ಪರದೆಯಲ್ಲಿ ಬಂದಾಗ ಏನೂ ಕಲಿಯಲಿಲ್ಲ. ಕೂಸಿನ ಕಥೆಯನ್ನು ಎಂಟನೇ ತರಗತಿಗೆ ಹಾಗೇ ಅಂಟಿಸಬಾರದು ನಿಜ. ದೊಡ್ಡ ಮಕ್ಕಳಿಗೆ ಮೊಬೈಲು ಹತ್ತು ದನಿಗಳನ್ನು ತಂದುಕೊಡಬಲ್ಲದು, ಅಷ್ಟು ಅದರಿಂದ ಪಡೆಯಿರಿ. ಹಿಂದೆ ರೇಡಿಯೋ ಇದನ್ನು ಮಾಡಿತ್ತು. ಆಕಾಶವಾಣಿಯ 'ಚುಕ್ಕಿ ಚಿನ್ನ', 'ಕೇಳಿ ಕಲಿ' ಕಾರ್ಯಕ್ರಮಗಳು ಸರ್ಕಾರಿ ಶಾಲೆಗಳಿಗೆಂದೇ ಬರುತ್ತಿದ್ದವು.

ಪ್ರಭು 1990ರಲ್ಲಿ ಒಂದು ಲೇಖನ ಬರೆದರು. ಎಲ್ಲರಿಗೂ ಹೊಂದುವ ಅತ್ಯುತ್ತಮ ವಿಧಾನ ಎಂಬುದೇ ಇಲ್ಲ ಎಂಬುದು ಅದರ ತಿರುಳು. ಮೂವತ್ತು ದಿನಗಳ ಜಾಹೀರಾತಿಗೆ ಅದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಕಲಿಸಲು ಶುರು ಮಾಡಿದ್ದು 2007-08ರಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯಾಗಿ ಇಂಗ್ಲಿಷ್ ತೆಗೆದುಕೊಂಡವರಿಗೆ 80 ಅಂಕ ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆ 80ರಲ್ಲಿ ಕಿವಿಗೂ ಬಾಯಿಗೂ ಒಂದಂಕವೂ ಇಲ್ಲ. ಅದನ್ನು ಬದಲಿಸುವುದು ಶಿಕ್ಷಕರ ಕೈಯಲ್ಲಿಲ್ಲ, ಆದರೆ 20 ಅವರ ಕೈಯಲ್ಲಿದೆ. ಅದರಲ್ಲಿ ಒಂದು ಪಾಲನ್ನು ಈ ವರ್ಷದಿಂದಲೇ ಕೇಳುವುದಕ್ಕೆ, ಮಾತಾಡುವುದಕ್ಕೆ ಮೀಸಲಿಡಿ ಎಂದು ಪ್ರಶ್ನೆ ಕಳಿಸಿದ ಶಿಕ್ಷಕಿಯನ್ನೂ ಅವರಂಥ ಉಳಿದವರನ್ನೂ ಕೇಳಿಕೊಳ್ಳುತ್ತೇನೆ.