ಗಲ್ಲಾಪೆಟ್ಟಿಗೆಗೆ ಬಿದ್ದ ತಪ್ಪು ನಾಣ್ಯ

ಮತ್ತೋಡಿನ ಯಾವುದೋ ಕಿರಾಣಿ ಅಂಗಡಿಯ ಗಲ್ಲಾಕ್ಕೆ ಒಂದು ರೂಪಾಯಿಯ ನಾಣ್ಯ ಬಂದು ಬೀಳುತ್ತದೆ ಎನ್ನಿ. ರೊಟ್ಟಿಯನ್ನು ಇಲಿ ಕಚ್ಚಿದ ಹಾಗೆ ಅದರ ಒಂದು ಬದಿ ಕಮಾನಿನಂತೆ ಹೋಗಿರುತ್ತದೆ. ಗಿರಾಕಿಗಳು ಮುಟ್ಟುವುದಿಲ್ಲವೆಂದು ಅಂಗಡಿಯವರು ಅದನ್ನು ಪಕ್ಕಕ್ಕಿಡುತ್ತಾರೆ. ಅದೇ ನಾಣ್ಯ ಪಳಗಿದ ಸಂಗ್ರಹಕಾರರ ಕೈಗೆ ಸಿಕ್ಕರೆ ಅವರ ಕಣ್ಣು ಕಚ್ಚಿದ ಜಾಗವನ್ನು ದಾಟಿ ಎದುರು ಬದಿಯ ಅಂಚಿಗೆ ಹೋಗುತ್ತದೆ.

ಕಾರಣ ಟಂಕಸಾಲೆಯ ಕೆಲಸದಲ್ಲಿದೆ. ಉದ್ದನೆಯ ಲೋಹದ ಪಟ್ಟಿಯಿಂದ ಯಂತ್ರ ದುಂಡನೆಯ ಬಿಲ್ಲೆಗಳನ್ನು ಕತ್ತರಿಸುತ್ತಾ ಹೋಗುತ್ತದೆ. ಪಟ್ಟಿ ಸರಿಯಾಗಿ ಮುಂದಕ್ಕೆ ಸರಿಯದಿದ್ದರೆ ಹಿಂದಿನ ತೂತಿನ ಮೇಲೇ ಪೆಟ್ಟು ಬಿದ್ದು, ಹೊಸ ಬಿಲ್ಲೆಗೆ ಅಷ್ಟು ಭಾಗ ಇಲ್ಲವಾಗುತ್ತದೆ. ಆಮೇಲೆ ಬಿಲ್ಲೆಯನ್ನು ಒತ್ತಿ ಉರುಳಿಸಿ ಅಂಚು ಎಬ್ಬಿಸುತ್ತಾರೆ. ಒಂದು ಕಡೆ ಲೋಹವೇ ಇಲ್ಲದಿದ್ದಾಗ ಅದರ ನೇರ ಎದುರಿಗೂ ಒತ್ತಡ ಸಾಲದು. ಅಲ್ಲಿಯೂ ಅಂಚು ಮಂಕಾಗಿಯೇ ಏಳುತ್ತದೆ. ಅರ ಹಾಕಿ ಉಜ್ಜಿ ಮಾಡಿದ ಕಚ್ಚಿನ ಎದುರಿಗೆ ಸಾಮಾನ್ಯವಾಗಿ ಅಂಚು ಗಟ್ಟಿಯಾಗಿಯೇ ಇರುತ್ತದೆ.

ತಪ್ಪಚ್ಚಿನ ನಾಣ್ಯದ ವಿದ್ಯೆಯ ತಿರುಳು ಇಷ್ಟೇ: ದೋಷ ಟಂಕಸಾಲೆಯೊಳಗೆ ಹುಟ್ಟಿರಬೇಕು. ಹೊರಗೆ ಬಂದ ಮೇಲೆ ಆದದ್ದೆಲ್ಲ ಗಾಯ. ಹೊಸದುರ್ಗ ರೋಡ್ ಸ್ಟೇಷನ್ನಿನ ಬಳಿ ಹುಡುಗರು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ ನಾಣ್ಯ ಎಷ್ಟೇ ವಿಚಿತ್ರವಾಗಿದ್ದರೂ ಸಂಗ್ರಹಕಾರರಿಗೆ ಬೇಡ.

ಎಲ್ಲರೂ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಸಿಂಹಮುದ್ರೆ ನೆಟ್ಟಗಿರುವಂತೆ ನಾಣ್ಯವನ್ನು ಮೇಲೆ ಕೆಳಗೆ ಎರಡು ಬೆರಳಲ್ಲಿ ಹಿಡಿದು, ಬಾಗಿಲು ತಿರುಗುವಂತೆ ಪಕ್ಕಕ್ಕೆ ತಿರುಗಿಸಬೇಕು. ಹಿಂಬದಿಯೂ ನೆಟ್ಟಗೇ ಕಾಣಬೇಕು. ಓರೆಯಾಗಿಯೋ ತಲೆಕೆಳಗಾಗಿಯೋ ಕಂಡರೆ ಎರಡು ಅಚ್ಚುಗಳಲ್ಲಿ ಒಂದು ಜಾಗದಲ್ಲೇ ತಿರುಗಿಕೊಂಡಿತ್ತು ಎಂದರ್ಥ. ಟೊರಾಂಟೊದಿಂದ ಬಂದ ನೆಂಟರು ಮಕ್ಕಳ ಕೈಗಿಟ್ಟ ಕೆನಡಾದ ಚಿಲ್ಲರೆಗೂ ಇದೇ ಲೆಕ್ಕ ನಡೆಯುತ್ತದೆ. ಅಮೆರಿಕದ ನಾಣ್ಯಕ್ಕೆ ಮಾತ್ರ ನಡೆಯದು. ಅಲ್ಲಿ ಹಿಂಬದಿ ತಲೆಕೆಳಗಾಗಿರುವುದೇ ಸರಿ.

ಕೆನಡಾದ ನಂಟು ನಮ್ಮ ಚಿಲ್ಲರೆಗೂ ಇದೆ. ಖಡ್ಗಮೃಗದ ಚಿತ್ರವಿದ್ದ 25 ಪೈಸೆಯ ಉಕ್ಕಿನ ನಾಣ್ಯ ಹಲವರ ನೆನಪಿನಲ್ಲಿದೆ. 1988ರ ಕೆಲವು ನಾಣ್ಯಗಳಲ್ಲಿ ಇಸವಿಯ ಕೆಳಗೆ ಇಂಗ್ಲಿಷಿನ ಸಿ ಅಕ್ಷರವಿದೆ. ಅವು ಅಚ್ಚಾದದ್ದು ಒಟ್ಟಾವಾದಲ್ಲಿ. ಇದನ್ನು ತಪ್ಪಚ್ಚು ಎಂದುಕೊಳ್ಳುವವರಿದ್ದಾರೆ, ಆದರೆ ಇದು ಟಂಕಸಾಲೆಯ ಗುರುತು. ಮುಂಬಯಿಗೆ ವಜ್ರದಾಕಾರ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕೆ. ಕೋಲ್ಕತಾಕ್ಕೆ ಗುರುತೇ ಇಲ್ಲ.

ಸಂಗ್ರಹಕಾರರ ಎದೆಬಡಿತ ಹೆಚ್ಚಿಸುವ ತಪ್ಪು ಇನ್ನೊಂದಿದೆ. ಅಚ್ಚಾದ ನಾಣ್ಯ ಹೊರಬೀಳದೆ ಒಂದು ಅಚ್ಚಿಗೇ ಅಂಟಿಕೊಳ್ಳುತ್ತದೆ. ಮುಂದಿನ ಬಿಲ್ಲೆಗೆ ಅದೇ ಅಚ್ಚಾಗಿಬಿಡುತ್ತದೆ. ಆಗ ಒಂದು ಮುಖ ಎಂದಿನಂತೆ ಉಬ್ಬಿ, ಇನ್ನೊಂದು ಮುಖದಲ್ಲಿ ಅದೇ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ, ಒಳಕ್ಕೆ ತಗ್ಗಾಗಿ ಮೂಡುತ್ತದೆ. ಎರಡು ನಾಣ್ಯಗಳನ್ನು ವೈಸ್‌ನಲ್ಲಿ ಬಿಗಿದು ಒತ್ತಿ ಇದನ್ನು ನಕಲು ಮಾಡುವವರೂ ಇದ್ದಾರೆ. ಅಂಥದರಲ್ಲಿ ಮೂಲ ಚಿತ್ರದ ಅವಶೇಷ ಅಡಿಯಲ್ಲಿ ಉಳಿದಿರುತ್ತದೆ. ಭೂತಗನ್ನಡಿ ಅದನ್ನು ಹಿಡಿದುಕೊಡುತ್ತದೆ.

ಬಿಲ್ಲೆಯೇ ಅದಲುಬದಲಾದ ಅನುಮಾನ ಬಂದರೆ ಅಕ್ಕಸಾಲಿಗರ ತಕ್ಕಡಿಯೂ ಅಯಸ್ಕಾಂತವೂ ಸಾಕು. 1992ರಿಂದ ಬಂದ ಉಕ್ಕಿನ ಒಂದು ರೂಪಾಯಿ 4.85 ಗ್ರಾಂ ತೂಗುತ್ತದೆ, ಅಯಸ್ಕಾಂತಕ್ಕೆ ಅಂಟುತ್ತದೆ. ಅದೇ ಕಾಲದ ತಾಮ್ರ-ನಿಕಲ್ ಮಿಶ್ರಣದ ಐದು ರೂಪಾಯಿ 9 ಗ್ರಾಂ, ಅಂಟುವುದಿಲ್ಲ.

ಬೆಲೆಯ ಮಾತಿಗೆ ಬಂದರೆ ಈ ಸೀಮೆಯ ಹಳೆಯ ನಾಣ್ಯಗಳೇ ಒಳ್ಳೆಯ ಪಾಠ ಹೇಳುತ್ತವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಪುರಾತತ್ವಜ್ಞರಾದ ಎಂ.ಎಚ್. ಕೃಷ್ಣ 1929ರ ಹೊತ್ತಿಗೆ, ಮಾರ್ಟಿಮರ್ ವೀಲರ್ 1947ರಲ್ಲಿ ಅಗೆಸಿದರು. ಶಾತವಾಹನರ ಕಾಲದ ನಾಣ್ಯಗಳ ಜೊತೆಗೆ ರೋಮನ್ ಬೆಳ್ಳಿ ನಾಣ್ಯಗಳೂ ಅಲ್ಲಿ ಸಿಕ್ಕಿವೆ. ಟಿಪ್ಪುವಿನ ಕಾಲಕ್ಕೆ ಚಿತ್ರದುರ್ಗದಲ್ಲೇ ಟಂಕಸಾಲೆಯಿತ್ತು. ಆನೆಯ ಚಿತ್ರದ ತಾಮ್ರದ ಕಾಸುಗಳ ಮೇಲೆ ಊರಿನ ಹೆಸರು ಫರೂಖ್ಯಾಬ್ ಹಿಸಾರ್ ಎಂದಿದೆ. ಇವೆಲ್ಲ ಸುತ್ತಿಗೆಯಿಂದ ಬಡಿದವು. ಚಿತ್ರ ಒಂದು ಕಡೆಗೆ ಸರಿದಿರುವುದು, ಅಕ್ಷರ ಅಂಚಿನಾಚೆ ಹೋಗಿರುವುದು ಅಲ್ಲಿ ಮಾಮೂಲು. ಊರಿನ ಹೆಸರೋ ಇಸವಿಯೋ ಕಾಣದೆ ಹೋದರೆ ಬೆಲೆ ಇಳಿಯುತ್ತದೆ. ಯಂತ್ರದ ನಾಣ್ಯದಲ್ಲಿ ಅದೇ ದೋಷ ಅಪರೂಪವಾದ್ದರಿಂದ ಬೆಲೆ ಏರುತ್ತದೆ. ಚಿತ್ರ ಅರ್ಧಕ್ಕೆ ಸರಿದಿದ್ದೂ ಇಸವಿ ಪೂರ್ತಿ ಉಳಿದಿದ್ದರೆ ಕೇಳುವವರು ಹೆಚ್ಚು. ಅಚ್ಚು ಬಿರುಕುಬಿಟ್ಟು ಮೂಡಿದ ಸಣ್ಣ ಗೆರೆಗೆ ಮುಖಬೆಲೆಗಿಂತ ಹೆಚ್ಚೇನೂ ಸಿಗುವುದಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ತಂದರಂತೂ ಇದ್ದ ಬೆಲೆಯೂ ಹೋಗುತ್ತದೆ.

ಮೊಬೈಲಿನಲ್ಲಿ ಓಡಾಡುವ ಜಾಹೀರಾತುಗಳು ಬೇರೆಯೇ ಕಥೆ ಹೇಳುತ್ತವೆ. ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿಗೆ ಲಕ್ಷಗಟ್ಟಲೆ ಸಿಗುತ್ತದೆ ಎಂಬ ಮಾತನ್ನು ನಂಬಿ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದವರಿಗೆ ಕಷ್ಟದ ದುಡ್ಡು ಕಳಿಸಿದವರನ್ನು ನೆನೆದರೆ ಸಂಕಟವಾಗುತ್ತದೆ. ಅದು 2012ರಲ್ಲಿ ಚಲಾವಣೆಗೆಂದೇ ಬಂದ ನಾಣ್ಯ. ಹಳೆಯ ನಾಣ್ಯದ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ಯಾರಿಂದಲೂ ಶುಲ್ಕ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ. ನಿಜವಾದ ಬೆಲೆ ತಿಳಿಯಬೇಕಾದರೆ ಬೆಂಗಳೂರಿನಲ್ಲಿ ನಡೆಯುವ ನಾಣ್ಯ ಪ್ರದರ್ಶನಗಳಿಗೆ ಹೋಗಿ ನಾಲ್ಕು ಮೇಜುಗಳಲ್ಲಿ ವಿಚಾರಿಸುವುದು ಒಳ್ಳೆಯದು.

ಇನ್ನು ನಮ್ಮೂರುಗಳ ಅಂಗಡಿಗಳಲ್ಲಿ ಎಷ್ಟೋ ಸಲ ತಿರಸ್ಕಾರಕ್ಕೆ ಒಳಗಾಗುವ ಹತ್ತು ರೂಪಾಯಿ. ಒಂದರಲ್ಲಿ ಹತ್ತು ಗೆರೆ, ಇನ್ನೊಂದರಲ್ಲಿ ಹದಿನೈದು. ಹಾಗಾಗಿ ಒಂದು ಖೋಟಾ ಎಂಬ ಗುಮಾನಿ. ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ. ಅವು ತಪ್ಪೂ ಅಲ್ಲ, ಖೋಟಾವೂ ಅಲ್ಲ. ನಡುವಿನ ಬಿಲ್ಲೆಯೇ ಇಲ್ಲದೆ ಅಚ್ಚಾದ ಹತ್ತು ರೂಪಾಯಿ ಸಿಕ್ಕರೆ ಮಾತ್ರ ತೂತಿನ ಅಂಚನ್ನು ನೋಡಬೇಕು. ಅಚ್ಚಿನ ಪೆಟ್ಟಿಗೆ ಲೋಹ ಒಳಕ್ಕೆ ಹರಿದು ತೂತು ಕಿರಿದಾಗಿದ್ದರೆ ಅದು ಟಂಕಸಾಲೆಯಿಂದಲೇ ಹಾಗೆ ಬಂದದ್ದು. ತೂತಿನ ಗೋಡೆ ನುಣ್ಣಗೆ ನೇರವಾಗಿದ್ದರೆ, ಯಾರೋ ಸುತ್ತಿಗೆಯಿಂದ ನಡುವನ್ನು ಬಡಿದು ಉದುರಿಸಿದ್ದಾರೆ.