ಕಾಲ್ಚೆಂಡಾಟದಲ್ಲಿ ಮುನ್ನುಗ್ಗಿ ಒತ್ತುವ ತಂತ್ರ

ಬೆಂಗಳೂರಿನ ದಂಡು ಪ್ರದೇಶದ ಪೂರ್ವಕ್ಕೆ, ಹಲಸೂರಿನ ಬಳಿಯ ಗೌತಮಪುರದಲ್ಲಿ, ಬ್ರೆಜಿಲಿನ ಕಾಲ್ಚೆಂಡಾಟಗಾರ ಪೆಲೆಯ ಪ್ರತಿಮೆಯೊಂದುಂಟು. ಆಟದ ಮೇಲೆ ಅಲ್ಲಿಯವರಿಗಿರುವ ಅಕ್ಕರೆಗೆ ಅದು ಸಾಕ್ಷಿ. ಅಂಥ ಕೇರಿಗಳ ಇಕ್ಕಟ್ಟಾದ ಬಯಲಿನಲ್ಲಿ ಆಡಿದ ಹುಡುಗರು ಒಂದು ಸಂಗತಿಯನ್ನು ಚೆನ್ನಾಗಿ ಬಲ್ಲರು: ಚೆಂಡು ಕಾಲಿಗೆ ಬರುವಷ್ಟರಲ್ಲಿ ಎದುರಾಳಿಯೂ ಬಂದಿರುತ್ತಾನೆ. ವಿಶಾಲವಾದ ಮೈದಾನವನ್ನೂ ಎದುರಾಳಿಯ ಪಾಲಿಗೆ ಹೀಗೆಯೇ ಇಕ್ಕಟ್ಟಾಗಿಸಬಹುದೆ? ಆಗಿಸಬಹುದು. ‘ಹೈ ಪ್ರೆಸ್’ ಎಂಬ ತಂತ್ರದ ತಿರುಳು ಅದೇ.

ಚೆಂಡು ಕೈತಪ್ಪಿದೊಡನೆ ತಮ್ಮ ಗೋಲಿನ ಕಡೆಗೆ ಹಿಮ್ಮೆಟ್ಟುವುದು ಹಳೆಯ ರೂಢಿ. ಈ ತಂತ್ರದಲ್ಲಾದರೋ ಇಡೀ ತಂಡವು ಮುಂದಕ್ಕೆ ನುಗ್ಗಿ, ಎದುರಾಳಿಯ ಗೋಲಿನ ಸಮೀಪದಲ್ಲಿಯೇ ಚೆಂಡನ್ನು ಕಸಿಯಲೆತ್ನಿಸುವುದು. ಅಲ್ಲಿ ಕಸಿದ ಚೆಂಡಿಗೂ ಗೋಲಿಗೂ ಅಂತರ ಕಡಿಮೆಯಷ್ಟೆ.

ಮನುಷ್ಯನಿಗಿಂತ ಚೆಂಡು ವೇಗವಾಗಿ ಓಡುವಾಗ ಇದು ಸಾಧ್ಯವಾಗುವ ಬಗೆಯೇನು? ಸ್ವಲ್ಪ ಲೆಕ್ಕ ಹಾಕೋಣ. ಸೆಕೆಂಡಿಗೆ 12 ಮೀಟರು ವೇಗದ ಪಾಸು 24 ಮೀಟರು ಸಾಗಲು 2 ಸೆಕೆಂಡು ಬೇಕು. ಚೆಂಡನ್ನು ಪಡೆಯುವವನಿಂದ 10 ಮೀಟರು ದೂರದಲ್ಲಿ ನಿಂತಿರುವ ನಮ್ಮ ಆಟಗಾರನು, ನಿಂತಲ್ಲಿಂದ ಹೊರಟು ಸರಾಸರಿ 5 ಮೀಟರು ವೇಗದಲ್ಲಿ ಓಡಿದರೂ, ಅದೇ 2 ಸೆಕೆಂಡಿನಲ್ಲಿ ಅವನನ್ನು ಮುಟ್ಟುವನು. ಆದರೆ ಪಾಸು ತಲಪಿದ ಮೇಲೆ ಹೊರಟರೆ ಎದುರಾಳಿಗೆ ಪೂರಾ 2 ಸೆಕೆಂಡು ಬಿಡುವು ದೊರೆಯಿತು. ಆದುದರಿಂದ ಗೆಲ್ಲಿಸುವುದು ಓಟದ ವೇಗಕ್ಕಿಂತ ಹೊರಡುವ ಸಮಯ.

ಇನ್ನು ಸ್ಥಳದ ಲೆಕ್ಕ. 105 ಮೀಟರು ಉದ್ದ, 68 ಮೀಟರು ಅಗಲದ ಮೈದಾನದ ವಿಸ್ತೀರ್ಣ 7,140 ಚದರ ಮೀಟರು. ಗೋಲಿಯನ್ನು ಬಿಟ್ಟು ಹತ್ತು ಮಂದಿಗೆ ಹಂಚಿದರೆ ತಲೆಗೆ 714. ಅದೇ ಹತ್ತು ಮಂದಿ ಚೆಂಡಿನ ಸುತ್ತ 35 ಮೀಟರು ಉದ್ದ, 45 ಮೀಟರು ಅಗಲದೊಳಗೆ ಒತ್ತಾಗಿ ನಿಂತರೆ ತಲೆಗೆ ಸುಮಾರು 157 ಮಾತ್ರ. ದೂರ ಕುಗ್ಗಿತು, ಬೇಗನೆ ಮುಟ್ಟಬಹುದು.

4-3-3 ರಚನೆಯಲ್ಲಿ ಯಾರ ಕೆಲಸ ಏನೆಂದು ನೋಡೋಣ. ನಡು ಫಾರ್ವರ್ಡನು ಚೆಂಡಿನ ಕಡೆಗೆ ನೆಟ್ಟಗೆ ಓಡುವುದಿಲ್ಲ. ಬಿಲ್ಲಿನಂತೆ ಬಾಗಿ ಓಡಿ, ಇನ್ನೊಂದು ಬದಿಗೆ ಪಾಸು ಹೋಗುವ ದಾರಿಯನ್ನು ಮುಚ್ಚುವನು. ಎದುರಾಳಿಯು ಪಕ್ಕದ ಗೆರೆಯ ಕಡೆಗೆ ಸರಿಯಲೇಬೇಕಾಗುವುದು. ಅಲ್ಲಿ ವಿಂಗ್ ಆಟಗಾರನು ಕಾದಿರುವನು. ಗೆರೆಯೇ ಮತ್ತೊಬ್ಬ ಕಾವಲುಗಾರ. ನಡುವಿನ ಮೂವರು ಹತ್ತಿರದ ಪಾಸುಗಳನ್ನು ತಡೆಯುವರು. ಬ್ಯಾಕುಗಳು ನಡುಗೆರೆಯವರೆಗೆ ಏರಿ ನಿಲ್ಲುವರು. ಅವರ ಹಿಂದಿನ ಬಯಲನ್ನು ಗೋಲಿಯು ಪೆನಾಲ್ಟಿ ಪ್ರದೇಶದಿಂದ ಹೊರಬಂದು ಕಾಯುವನು.

ಆಟದ ನಿಯಮಗಳೂ ಇದಕ್ಕೆ ನೆರವಾಗಿವೆ. ಬ್ಯಾಕುಗಳನ್ನು ದಾಟಿ ಮುಂದೆ ನಿಂತವನನ್ನು ಆಫ್‌ಸೈಡ್ ನಿಯಮವು ಹಿಡಿಯುತ್ತದೆ. ಆದರೆ ತನ್ನದೇ ಅರ್ಧದಲ್ಲಿ ನಿಂತವನಿಗೆ ಆ ನಿಯಮ ತಗಲದು. ಆದುದರಿಂದ ಬ್ಯಾಕುಗಳ ಸಾಲಿಗೆ ನಡುಗೆರೆಯೇ ಮಿತಿ. 1992ರಿಂದ, ಜತೆಗಾರನು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಒದೆದ ಚೆಂಡನ್ನು ಗೋಲಿಯು ಕೈಯಿಂದ ಮುಟ್ಟುವಂತಿಲ್ಲ. ಒತ್ತಡಕ್ಕೆ ಸಿಕ್ಕವರಿಗಿದ್ದ ಸುಲಭದ ದಾರಿಯೊಂದು ಅಂದಿನಿಂದ ಮುಚ್ಚಿತು.

ಅಪಾಯವೂ ಇಲ್ಲದಿಲ್ಲ. ಹತ್ತು ಮಂದಿಯಲ್ಲಿ ಒಬ್ಬನು ಅರ್ಧ ಸೆಕೆಂಡು ತಡಮಾಡಿದರೂ ಸರಪಣಿ ತುಂಡಾಗಿ, ಬ್ಯಾಕುಗಳ ಹಿಂದೆ ಬರಿಯ ಬಯಲು ತೆರೆದುಕೊಳ್ಳುವುದು. ಮೇಲಾಗಿ, ತೊಂಬತ್ತು ನಿಮಿಷವೂ ಹೀಗೆ ಓಡುವ ಶಕ್ತಿ ಯಾರಿಗಿದೆ? ಅದಕ್ಕಾಗಿ ಸುಳಿವು ಕಂಡಾಗ ಮಾತ್ರ ನುಗ್ಗುವರು: ಚೆಂಡು ಎದುರಾಳಿಯ ಕಾಲಿನಿಂದ ಪುಟಿದಾಗ, ಅವನ ಮುಖ ತನ್ನ ಗೋಲಿನ ಕಡೆಗಿದ್ದಾಗ, ಅಥವಾ ಪಾಸು ಪಕ್ಕದ ಗೆರೆಗೆ ಹೋದಾಗ.

ಈ ವಿಚಾರ ಇಂದಿನದಲ್ಲ. 1960ರ ದಶಕದಲ್ಲಿಯೇ ಕೀವ್ ನಗರದ ಡೈನಮೊ ತಂಡಕ್ಕೆ ವಿಕ್ಟರ್ ಮಾಸ್ಲೊವರೂ ಆಮ್‌ಸ್ಟರ್‌ಡಾಮಿನ ಅಯಾಕ್ಸ್ ತಂಡಕ್ಕೆ ರೈನಸ್ ಮಿಖೆಲ್ಸರೂ ಇದನ್ನು ಕಲಿಸಿದರು. ಮಿಖೆಲ್ಸರ ಶಿಷ್ಯರು ಯೋಹಾನ್ ಕ್ರೈಫ್. ಕ್ರೈಫರ ಕೈಕೆಳಗೆ ಆಡಿದವರು ಫ್ರಾಂಕ್ ರೈಕಾರ್ಡ್. ರೈಕಾರ್ಡರಿಗೆ ಬಾರ್ಸಿಲೋನಾದಲ್ಲಿ ಸಹಾಯಕರಾಗಿದ್ದ ಆಲ್ಬರ್ಟ್ ರೋಕಾ 2016ರಲ್ಲಿ ಬೆಂಗಳೂರು ಎಫ್.ಸಿ.ಯ ತರಬೇತುದಾರರಾಗಿ ಬಂದರು. ಆ ಅಕ್ಟೋಬರಿನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ, ಹಿಂದಿನ ವರ್ಷದ ವಿಜೇತರಾದ ಮಲೇಷಿಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ, ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ತಂಡವೆನಿಸಿತು ಅದು. ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ 0-1ರಿಂದ ಸೋತಿತು. ಆ ಗೆಲುವಿಗೆ ಒಂದೇ ತಂತ್ರ ಕಾರಣವೆನ್ನಲಾಗದು. ಆದರೆ ಆಮ್‌ಸ್ಟರ್‌ಡಾಮಿನ ಪಾಠಶಾಲೆಯ ನಂಟು ನಮ್ಮ ಊರಿನವರೆಗೆ ಬಂದುದು ನಿಜ.

ಮುಂದಿನ ಸಲ ಪಂದ್ಯ ನೋಡುವಾಗ ಚೆಂಡಿನಿಂದ ಕಣ್ಣು ತೆಗೆದು, ಚೆಂಡಿಲ್ಲದ ಹತ್ತು ಮಂದಿಯನ್ನು ಒಂದು ನಿಮಿಷ ನೋಡೋಣ. ಆಟದ ಬುದ್ಧಿಯೆಲ್ಲ ಅಲ್ಲಿ ಕೆಲಸಮಾಡುತ್ತಿರುವುದು ಕಾಣುವುದು.